ಅರ್ಧ ಜಗಲಿ

ಸಾಗರದ ಹತ್ತಿರ ಇರೋ ಅಜ್ಜಿ ಮನೆ ಜಗಲಿಯ ಮರದ ಕಂಬಗಳು ಈ ಸಲ ಬುಡದಲ್ಲೇ ಲಡ್ಡಾಗಿದ್ವು. ದಸರಾ ರಜೆಗೆ ಹೋದ ನಮಗೆ, ಇಂಜಿನಿಯರಿಂಗ್ ಓದೋ ಅಣ್ಣ-ತಂಗಿಗೆ, ಹೊಸ ಪ್ಲಾನ್ ಮಾಡೋ ಕೆಲಸ ಸಿಕ್ತು. ಸುತ್ತಲೂ ಗಾಜು ಹಾಕಿ ಮುಚ್ಚಿಬಿಡೋಣ ಅಂತ ಕ್ಯಾಡ್‌ನಲ್ಲಿ ಚೆಂದದ ಡ್ರಾಯಿಂಗ್ ಮಾಡಿ ತೋರಿಸಿದ್ವಿ.

ಅಜ್ಜಿ ನೋಡಿ, "ದಾರೀಲಿ ಹೋಗೋರು ನನ್ನ ಹೆಂಗೆ ಮಾತಾಡಿಸ್ತಾರೆ ಮಕ್ಳೇ?" ಅಂದ್ರು. ಅಜ್ಜ ಹೋದಮೇಲೆ ಅವರ ಮಾತಿಗೆ ಸಿಗೋದು ಆ ದಾರಿಯವರೇ. ನಾವು ಫೋನ್ ಮಾಡ್ತಿದ್ದಿದ್ದು ವಾರಕ್ಕೊಮ್ಮೆ.

ಆಮೇಲೆ ಟೇಪ್ ಹಿಡಿದು ಸರಿಯಾಗಿ ನೋಡಿದ್ವಿ. ಹಾಳಾಗಿದ್ದು ಪಶ್ಚಿಮದ ಕಂಬಗಳು ಮಾತ್ರ. ಮಳೆಗಾಲದಲ್ಲಿ ಇರಚಲು ಬಡಿಯೋದು ಆ ಕಡೆಯಿಂದಲೇ. ಅಜ್ಜ ಇದ್ದಾಗ ಪ್ರತಿ ವರ್ಷ ಅಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ರು. ಆಮೇಲೆ ನಾವ್ಯಾರೂ ಕಟ್ಟಲಿಲ್ಲ. ಕಂಬದ ಕೆಳಗಿನ ಕಲ್ಲನ್ನೂ ಸಿಮೆಂಟ್ ನೆಲ ಮಾಡುವಾಗ ಮುಚ್ಚಿದ್ದರಿಂದ ಮರದ ಬುಡ ನೇರ ನೆಲದ ನೀರನ್ನೇ ಹೀರಿತ್ತು.

ಈಗಿನ ಪ್ಲಾನ್ ಇಷ್ಟೇ: ಪಶ್ಚಿಮಕ್ಕೆ ಗಿಡ್ಡ ಗೋಡೆ, ಅದರ ಮೇಲೆ ಗಾಜಿನ ಕಿಟಕಿ. ಪ್ರತಿ ಕಂಬದ ಕೆಳಗೆ ಅರ್ಧ ಅಡಿ ಎತ್ತರದ ಕಲ್ಲು. ದಾರಿಯ ಕಡೆ ಪೂರ್ತಿ ಓಪನ್.

ಕೆಲಸ ಶುರುವಾಗೋದು ಬೇಸಿಗೆಗೆ. ಫೋನ್ ಮಾತ್ರ ಈಗಿನಿಂದಲೇ ದಿನಾ ಮಾಡ್ತಿದ್ದೀವಿ.