ಚೀನಾದ ಮರ, ನಮ್ಮ ಘಟ್ಟದ ಮರ

ಕಳೆದ ಮಳೆಗಾಲದಲ್ಲಿ ನಮ್ಮ ಭಾವನವರಿಗೆ ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರ್ ಎಂದು ತಿಳಿದುಬಂದಿತು. ನೂರು ಶ್ವಾಸಕೋಶ ಕ್ಯಾನ್ಸರುಗಳಲ್ಲಿ ಸುಮಾರು 15 ಮಾತ್ರ ಈ ಬಗೆಯವು. ಆದರೆ ಬಹಳ ಬೇಗ ಹರಡುವಂಥವು. ಎರಡನೆಯ ಸುತ್ತಿನ ಕೀಮೋ ಮುಗಿದು ಅವರು ಬಳಲಿ ಮಲಗಿದ್ದಾಗ ಸೋದರಳಿಯ ಕರೆ ಮಾಡಿದ: "ಮಾವ, ಚೀನಾದ ಗಿಡಮೂಲಿಕೆ ಪುಡಿ ತರಿಸಿದ್ದೇನೆ. ಕೀಮೋ ನಿಲ್ಲಿಸಿ ಇದನ್ನೇ ಕೊಡೋಣವೇ? ನೀವು ವಿಜ್ಞಾನದ ಮೇಷ್ಟ್ರು, ಹೇಳಿ."

ಚೀನಾದ ಗಿಡಮರಗಳಲ್ಲಿ ಏನೂ ಇಲ್ಲವೆಂದು ನಾನು ಹೇಳಲಾರೆ. ಆ ದೇಶದಲ್ಲಿ 'ಶೀಷು' ಎಂಬ ಮರವಿದೆ. ಸಂತೋಷದ ಮರವೆಂದು ಅದರ ಅರ್ಥ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಹಾಗೂ ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್ಸುಖ್ ವಾಣಿಯವರು ಅದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮೊದಲ ಪ್ರಯೋಗಗಳಲ್ಲಿ ಅದರ ವಿಷಗುಣವೇ ಮುಂದಾಗಿ ರೋಗಿಗಳು ಬಹಳ ನರಳಿದರು. ಆಮೇಲೆ ಅಣುವನ್ನು ಮಾರ್ಪಡಿಸಿ ಟೊಪೊಟೆಕಾನ್ ಮಾಡಿದರು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆತದ್ದು ಮರುಕಳಿಸಿದ ಇದೇ ಸಣ್ಣಕೋಶ ಕ್ಯಾನ್ಸರಿಗೆ! ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಕ್ಯಾಂಪ್ಟೊಥೆಸಿನ್ ಇದೆ. ಆ ಆಸೆಗೆ ಎಷ್ಟು ಮರಗಳು ಕೊಡಲಿಗೆ ಬಲಿಯಾದವೋ! (ನನ್ನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಹೂವಿನ ವಾಸನೆಯನ್ನು ಮರೆತಿರಲಾರರು.)

ಆದರೆ ಮರ ಬೇರೆ, ಅಳೆದು ತೂಗಿ ರಕ್ತನಾಳಕ್ಕೆ ಬಿಡುವ ಔಷಧ ಬೇರೆ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಹಲವಾರು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಎರಡು ಬೇರುಗಳಿಗೆ 'ಫಾಂಗ್ ಜಿ' ಎಂಬ ಒಂದೇ ಹೆಸರು. ಒಂದರ ಬದಲು ಮತ್ತೊಂದು ಬೆರೆತಿತ್ತು. ಆ ಮತ್ತೊಂದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲವು ಕೆಲವರಲ್ಲಿ ಮುಂದೆ ಕ್ಯಾನ್ಸರನ್ನೂ ತಂದಿತು.

ಇಷ್ಟನ್ನೂ ಹೇಳಿದೆ. "ಪುಡಿಯಲ್ಲಿ ಏನಿದೆ, ಎಷ್ಟಿದೆ ಎಂದು ಬರೆದಿದೆಯೇ?" ಎಂದಾಗ ಅವನು ಸುಮ್ಮನಾದ. ಎಲ್ಲವೂ ಚೀನೀ ಅಕ್ಷರ. ಭಾವನವರಿಗೆ ಕೊಡುತ್ತಿದ್ದ ಎಟೊಪೊಸೈಡ್ ಕೂಡ ಪೊಡೊಫಿಲಮ್ ಗಿಡದ ವಸ್ತುವಿನಿಂದಲೇ ರೂಪುಗೊಂಡದ್ದು ಎಂದು ತಿಳಿದಾಗ ಅಕ್ಕನಿಗೆ ಸ್ವಲ್ಪ ಸಮಾಧಾನವಾಯಿತು. ಪೊಟ್ಟಣವನ್ನು ವೈದ್ಯರಿಗೇ ತೋರಿಸಿದೆವು. ಕೀಮೋ ನಡೆಯುವಷ್ಟು ಕಾಲ ಇದನ್ನು ಮುಟ್ಟಬೇಡಿ, ಬಾಯಿ ರುಚಿಗೆ ಶುಂಠಿ ಕಷಾಯ ಬೇಕಾದರೆ ಕೊಡಿ ಎಂದರು.

ಭಾವನವರು ನಾಲ್ಕನೆಯ ಸುತ್ತಿಗೆ ಸಿದ್ಧರಾಗುತ್ತಿದ್ದಾರೆ. ನಿನ್ನೆ ನನ್ನನ್ನು ಕೇಳಿದರು: "ಆ ದುರ್ವಾಸನೆ ಮರ ಆಗುಂಬೆಯ ಕಡೆ ಸಿಕ್ಕೀತೇ? ಒಮ್ಮೆ ಮೂಸಿ ನೋಡಬೇಕಲ್ಲ."