ಸೂರ್ಯಕಾಂತಿ ಹೊಲದಲ್ಲಿ ತೂಗಿದ ಸೀಡಿ

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನಗಬೇಡಿ. ನಕ್ಕರೂ ಸದ್ದು ಮಾಡಬೇಡಿ, ಈ ಗೋಡೆ ಪತ್ರಿಕೆ ಹೆಡ್‌ಮೇಷ್ಟ್ರ ಕೋಣೆಯ ಪಕ್ಕದಲ್ಲೇ ಇದೆ.

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಹೊಲದಲ್ಲಿ ಸೂರ್ಯಕಾಂತಿ ಹಾಕಿದ್ದೆವು. ಕಾಳು ಗಟ್ಟಿಯಾಗುವ ಹೊತ್ತಿಗೆ ಗಿಳಿಗಳು ಹಿಂಡುಹಿಂಡಾಗಿ ಬರತೊಡಗಿದವು. ಅಪ್ಪ, "ಮನೇಲಿ ಹಳೇ ಸೀಡಿ ಇದ್ರೆ ತಗೊಂಡ್ಬಾ ಮಗ, ಬಿಸಿಲಿಗೆ ಹೊಳುದ್ರೆ ಹಕ್ಕಿ ಹೆದರ್ತವೆ" ಅಂದ. ನಮ್ಮ ಸೀಡಿ ಪ್ಲೇಯರ್ ಕೆಟ್ಟು ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. ನಾನು ತಗಡಿನ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ಏಳು ಸೀಡಿ ತಂದುಕೊಟ್ಟೆ. ಅಪ್ಪ ನಡುವಿನ ತೂತಿಗೆ ದಾರ ಪೋಣಿಸಿ ಕೋಲಿಗೆ ಕಟ್ಟಿದ. ಗಾಳಿಗೆ ಒಂದಕ್ಕೊಂದು ಬಡಿದುಕೊಂಡು ಟಕಟಕ ಅನ್ನುತ್ತಿದ್ದವು. ಗಿಳಿಗಳು ಮೂರು ದಿನ ಹೆದರಿದವು. ನಾಲ್ಕನೇ ದಿನ ಅದೇ ಕೋಲಿನ ಮೇಲೆ ಕೂತು ತಿಂದವು.

ಆಮೇಲೆ ಕಾರ್ತಿಕದಲ್ಲಿ ನಮ್ಮ ಅಜ್ಜಿ ತೀರಿಕೊಂಡಳು. ಅಜ್ಜಿ ಸೋಬಾನೆ ಹಾಡುತ್ತಿದ್ದಳು. ನಮ್ಮ ಬೀದಿಯ ಯಾವ ಮದುವೆಯಾದರೂ ಮೊದಲು ಅಜ್ಜಿಗೇ ಹೇಳಿಕಳಿಸುತ್ತಿದ್ದರು. ಮೊಬೈಲಿನಲ್ಲಿ ಅಜ್ಜಿಯ ಫೋಟೋ ಬೇಕಾದಷ್ಟಿವೆ, ದನಿ ಮಾತ್ರ ಇಲ್ಲ. ವಿಡಿಯೋ ಮಾಡಲು ಹೋದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸುಮ್ಮನಾಗಿಬಿಡುತ್ತಿದ್ದಳು.

ಒಂದು ದಿನ ಮೈಸೂರಿನಿಂದ ಅತ್ತೆ ಫೋನು ಮಾಡಿದಳು. "ವರ್ಷದ ತಿಥಿ ಬತ್ತದೆ. ಅವ್ವನ ದನಿ ಕೇಳ್ಬೇಕು ಅನ್ನುಸ್ತದೆ ಕಣೆ. ನನ್ನ ಮದುವೆ ಸೀಡಿಲಿ ಆರತಿ ಎತ್ತುವಾಗ ಅವ್ವ ಹಾಡವ್ಳೆ. ಅದುನ್ನ ಕಂಪ್ಯೂಟರಿಗೆ ಹಾಕ್ಸಿ ಕಳ್ಸು" ಅಂದಳು. ಅತ್ತೆಯ ಮದುವೆ ಆದದ್ದು 2008ರಲ್ಲಿ. ಆಗ ನಾನು ಹುಟ್ಟಿರಲಿಲ್ಲ.

ಪೆಟ್ಟಿಗೆ ತೆಗೆದು ನೋಡಿದೆ. ಮದುವೆಯ ಕವರಿನಲ್ಲಿ ಎರಡು ಸೀಡಿ ಇರಬೇಕಾಗಿತ್ತು, ಒಂದೇ ಇತ್ತು. ನನಗೆ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಯಾರಿಗೂ ಹೇಳದೆ ಕೊಟ್ಟಿಗೆಗೆ ಓಡಿದೆ. ಹೊಲದಿಂದ ತಂದ ದಾರ, ಕೋಲು ಎಲ್ಲ ಒಂದು ಗೊಬ್ಬರದ ಚೀಲದಲ್ಲಿತ್ತು. ಏಳು ಸೀಡಿಯಲ್ಲಿ ಐದನೆಯದರ ಮೇಲೆ ಅತ್ತೆ ಮಾವನ ಚಿತ್ರ ಇತ್ತು. ಬಿಸಿಲಿಗೆ ಮಾವನ ಮುಖ ಬೆಳ್ಳಗಾಗಿ ಹೋಗಿತ್ತು.

ಅಪ್ಪನಿಗೆ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕಟ್ಟಿದ್ದು ನಾನೇ ಅಲ್ವ" ಅಂದ. ಅತ್ತೆಗೂ ನಾನೇ ಹೇಳಿದೆ. ಅತ್ತೆ ಏನೂ ಅನ್ನದೆ ಫೋನು ಇಟ್ಟಳು. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು.

ಮರುದಿನ ಎರಡನ್ನೂ ಶಾಲೆಗೆ ತಂದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀಡಿ ಹಾಕುವ ಬಾಯಿಯೇ ಇರುವುದಿಲ್ಲ. ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿದೆ. ಅದನ್ನು ನೋಡಿ ನಾವೆಲ್ಲ ಆಡಿಕೊಳ್ಳುತ್ತಿದ್ದೆವಲ್ಲ, ಇನ್ನು ಮೇಲೆ ನಾನು ಆಡಿಕೊಳ್ಳುವುದಿಲ್ಲ.

ವಿಜ್ಞಾನದ ಸರ್ ಮೊದಲು ಒಂದು ವಿಷಯ ಹೇಳಿದರು. ಇದು ಸೀಡಿ ಅಲ್ಲ, ಡಿವಿಡಿ. ನಮ್ಮೂರಲ್ಲಿ ಎಲ್ಲದಕ್ಕೂ ಸೀಡಿ ಅಂತಲೇ ಹೇಳುವುದು. ನೋಡಲು ಎರಡೂ ಒಂದೇ, 12 ಸೆಂಟಿಮೀಟರ್ ಅಗಲ. ಆದರೆ ಸೀಡಿಯಲ್ಲಿ ಸುಮಾರು 700 ಎಂಬಿ ಹಿಡಿಸಿದರೆ ಡಿವಿಡಿಯಲ್ಲಿ 4.7 ಜಿಬಿ ಹಿಡಿಸುತ್ತದೆ. ಬರವಣಿಗೆ ಒಳಗಿನ ತೂತಿನ ಕಡೆಯಿಂದ ಶುರುವಾಗಿ ಸುರುಳಿ ಸುತ್ತಿಕೊಂಡು ಹೊರಗಿನ ಅಂಚಿಗೆ ಬರುತ್ತದೆ. ಮದುವೆಯಲ್ಲಿ ಆರತಿ ಬರುವುದು ಕೊನೆಗೆ. ಅಂದರೆ ಅಜ್ಜಿಯ ಹಾಡು ಇರುವುದು ಅಂಚಿನ ಹತ್ತಿರ. ಗಾಳಿಗೆ ಬಡಿದುಕೊಂಡದ್ದೂ ಅಂಚೇ.

"ಸರ್, ಜೊತೇಲಿ ತೂಗಿದ ಸಿನಿಮಾ ಸೀಡಿ ಚೆನ್ನಾಗೇ ಓಡ್ತದಲ್ಲ, ಇದಕ್ಕೇನಾಯ್ತು?" ಅಂತ ಕೇಳಿದೆ. ಅಂಗಡಿಯ ಸಿನಿಮಾ ಸೀಡಿಯನ್ನು ಅಚ್ಚು ಒತ್ತಿ ಮಾಡುತ್ತಾರಂತೆ, ಅದರಲ್ಲಿ ನಿಜವಾದ ಸಣ್ಣ ಸಣ್ಣ ಗುಳಿಗಳಿರುತ್ತವೆ. ಸ್ಟುಡಿಯೋದಲ್ಲಿ ಒಂದೊಂದಾಗಿ ಬರೆದುಕೊಡುವ ಡಿವಿಡಿಯಲ್ಲಿ ಗುಳಿ ಇರುವುದಿಲ್ಲ, ಒಂದು ತೆಳುವಾದ ಬಣ್ಣದ ಪದರ ಇರುತ್ತದೆ. ಲೇಸರ್ ಕಿರಣ ಆ ಬಣ್ಣವನ್ನು ಬಿಸಿ ಮಾಡಿ ಗುರುತು ಹಾಕುತ್ತದೆ. ಬಟ್ಟೆಯ ಬಣ್ಣ ಬಿಸಿಲಿಗೆ ಹೋಗುವಂತೆ ಇದೂ ಹೋಗುತ್ತದೆ. ಇದನ್ನು ಕೇಳಿ ನನಗೆ ಇನ್ನೂ ಬೇಜಾರಾಯಿತು.

ಸರ್ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಲು ಹೇಳಿದರು. ನಾನು ತಟ್ಟೆ ಒರೆಸಿದಂತೆ ಸುತ್ತಲೂ ಒರೆಸಲು ಹೋದೆ. "ಹಾಗಲ್ಲಮ್ಮ, ಒಳಗಿಂದ ಹೊರಕ್ಕೆ ನೆಟ್ಟಗೆ ಎಳಿ" ಅಂದರು. ಸುತ್ತ ಗೀರು ಬಿದ್ದರೆ ಬರವಣಿಗೆಯ ಜೊತೆಜೊತೆಗೇ ಹೋಗಿ ಬಹಳ ಹಾಳು ಮಾಡುತ್ತದೆ. ಅಡ್ಡ ಗೀರಾದರೆ ಕಂಪ್ಯೂಟರ್ ಹೇಗೋ ದಾಟಿಕೊಳ್ಳುತ್ತದೆ. ನಮ್ಮ ಅಣ್ಣ ಟೂತ್‌ಪೇಸ್ಟ್ ಹಚ್ಚು ಅಂತ ಹೇಳಿದ್ದ, ಸರ್ ಬೇಡ ಅಂದರು.

ಮೊದಲನೇ ಡಿವಿಡಿ ಕಾಲು ಗಂಟೆಯಲ್ಲಿ ಕಾಪಿ ಆಯಿತು. ಅದರೊಳಗೆ ವಿಡಿಯೋ ಟಿಎಸ್ ಅಂತ ಒಂದು ಫೋಲ್ಡರ್, ಅದರಲ್ಲಿ ವಿಓಬಿ ಎಂಬ ದೊಡ್ಡ ದೊಡ್ಡ ಫೈಲುಗಳು, ಒಂದೊಂದೂ 1 ಜಿಬಿ ಒಳಗೆ. ಚಪ್ಪರ, ಬಳೆ ಶಾಸ್ತ್ರ, ಅರಿಸಿನ ಎಲ್ಲ ಇತ್ತು. ಅಜ್ಜಿ ಎಷ್ಟೋ ಕಡೆ ಬರುತ್ತಾಳೆ, ಬಾಯಿ ಆಡಿಸುತ್ತಾಳೆ. ಆದರೆ ಕೇಳಿಸುವುದು ಸಿನಿಮಾ ಹಾಡು! ವಿಡಿಯೋ ಮಾಡಿದವರು ಚೆಂದಕ್ಕೆ ಅಂತ ಉದ್ದಕ್ಕೂ ಸಿನಿಮಾ ಹಾಡು ಸೇರಿಸಿದ್ದರು. ಅಜ್ಜಿ ಬಳೆಗಾರನ ಜೊತೆ ಏನೋ ಜಗಳ ಆಡುತ್ತಿದ್ದಾಳೆ, ಮೇಲೆ ನಾಯಕ ನಾಯಕಿ ಹಾಡುತ್ತಿದ್ದಾರೆ. ಒಂದು ಸಲ ನಗು ಬಂತು. ಆಮೇಲೆ ಬರಲಿಲ್ಲ. ಎರಡನೆಯದರಲ್ಲಿ ಆರತಿಯ ಜಾಗದಲ್ಲಿ ಮಾತ್ರ ಹಾಡು ಸೇರಿಸದೆ ಬಿಟ್ಟಿದ್ದಾರೆ ಅಂತ ಅತ್ತೆ ಹೇಳಿದ್ದಳು. ಅಂದರೆ ಅಜ್ಜಿಯ ದನಿ ಇರುವುದು ಅದೊಂದರಲ್ಲೇ.

ಎರಡನೆಯದನ್ನು ಹಾಕಿದೆವು. ಮೂರು ಫೈಲು ಬಂದವು. ನಾಲ್ಕನೆಯದರಲ್ಲಿ ಡ್ರೈವ್ ಗರ್ ಗರ್ ಅಂತ ತಿರುಗಿ, ನಿಂತು, ಓದಲು ಆಗುವುದಿಲ್ಲ ಅಂತ ಬರೆದು ತೋರಿಸಿತು. ಮತ್ತೆ ಹಾಕಿದರೂ ಅಷ್ಟೇ. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡೆ. ಅಳುತ್ತಿದ್ದಳು ಅಂತ ಯಾರೋ ಕ್ಲಾಸಿನಲ್ಲಿ ಹೇಳಿದರಂತೆ. ಮುಖ ತೊಳೆಯುತ್ತಿದ್ದೆ.

ಸರ್ ಬಿಡಲಿಲ್ಲ. ಶನಿವಾರ ಡಿಡಿರೆಸ್ಕ್ಯೂ ಎನ್ನುವ ಉಚಿತ ತಂತ್ರಾಂಶ ತಂದರು. ಮಾಮೂಲಿ ಕಾಪಿ ಒಂದು ಕಡೆ ಎಡವಿದರೆ ಅಲ್ಲೇ ಕೂತುಬಿಡುತ್ತದೆ. ಇದು ಹಾಗಲ್ಲ. ಓದಲಾಗದ ಜಾಗವನ್ನು ಬಿಟ್ಟು ಮುಂದಕ್ಕೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ವಾಪಸ್ಸು ಬಂದು ಬಿಟ್ಟದ್ದನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಕಡಲೆಕಾಯಿ ಕಿತ್ತ ಮೇಲೆ ಉಳಿದದ್ದನ್ನು ಆರಿಸಲು ನಾವು ಮತ್ತೆ ಹೊಲಕ್ಕೆ ಹೋಗುತ್ತೇವಲ್ಲ, ಹಾಗೆ. ಮಧ್ಯದಲ್ಲಿ ಕರೆಂಟು ಹೋಯಿತು. ಎಲ್ಲ ಮೊದಲಿನಿಂದ ಮಾಡಬೇಕು ಅಂದುಕೊಂಡೆ. ಆದರೆ ಎಲ್ಲಿ ಎಲ್ಲಿ ಓದಿ ಆಗಿದೆ ಅಂತ ಅದು ಒಂದು ಸಣ್ಣ ಫೈಲಿನಲ್ಲಿ ಗುರುತು ಮಾಡಿಕೊಂಡಿರುತ್ತದೆ, ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದ ಶುರು ಮಾಡಿತು. ನಾನು ಮಗ್ಗಿ ಬರೆಯುವಾಗ ಹೀಗೆ ಮಾಡಿಕೊಳ್ಳಬಹುದು ಅನ್ನಿಸಿತು. ಶನಿವಾರ, ಸೋಮವಾರ, ಮಂಗಳವಾರ ಸಂಜೆ ಸೇರಿ ಮುಗಿಯಿತು. ಅಂಚಿನ ಸ್ವಲ್ಪ ಭಾಗ ಬರಲೇ ಇಲ್ಲ.

ನಾಲ್ಕನೇ ಫೈಲನ್ನು ತೆರೆದೆವು. ಹಸೆಯ ಮೇಲೆ ಅತ್ತೆ ಮಾವ ಕೂತಿದ್ದಾರೆ, ಅಜ್ಜಿ ಹಾಡಲು ಶುರು ಮಾಡಿದಳು, ಅಷ್ಟರಲ್ಲಿ ಪಟ್ಟನೆ ನಿಂತುಹೋಯಿತು. ಜೀವ ಹೋದಂತಾಯಿತು. ಸರ್ ನಕ್ಕು, "ಹಾಳಾಗಿಲ್ಲಮ್ಮ, ಫೈಲು ಮುಗೀತು ಅಷ್ಟೆ. ಅದಕ್ಕೆ ಹಾಡು ಗೀಡು ಗೊತ್ತಾಗಲ್ಲ, 1 ಜಿಬಿ ತುಂಬಿದ್ರೆ ಕತ್ತರಿಸಿ ಇನ್ನೊಂದು ಫೈಲು ಮಾಡ್ತದೆ" ಅಂದರು. ಹ್ಯಾಂಡ್‌ಬ್ರೇಕ್ ಎನ್ನುವ ತಂತ್ರಾಂಶದಲ್ಲಿ ಪೂರ್ತಿ ಡಿವಿಡಿಯನ್ನು ಒಟ್ಟಿಗೆ ತೆರೆದಾಗ ತುಂಡುಗಳು ಕೂಡಿಕೊಂಡು ಒಂದೇ ವಿಡಿಯೋ ಆಗಿ ಬಂತು. ಅಜ್ಜಿ ಕೈ ಬೀಸಿದಾಗಲೆಲ್ಲ ಬಾಚಣಿಗೆ ಹಲ್ಲಿನಂತೆ ಗೆರೆ ಬರುತ್ತಿತ್ತು. ಹಳೆಯ ಟಿವಿಗೆ ಅಂತ ಒಂದೊಂದು ಚಿತ್ರವನ್ನೂ ಬೆಸ ಗೆರೆ, ಸಮ ಗೆರೆ ಅಂತ ಎರಡು ಸರದಿಯಲ್ಲಿ ತೆಗೆಯುತ್ತಿದ್ದರಂತೆ. ಅದಕ್ಕೂ ಒಂದು ಗುಂಡಿ ಇತ್ತು, ಒತ್ತಿದ ಮೇಲೆ ಸರಿಯಾಯಿತು.

ಹಾಡು ಆರು ನಿಮಿಷ. ನಡುನಡುವೆ ಚಿತ್ರ ಚೌಕಚೌಕವಾಗಿ ಒಡೆದುಹೋಗುತ್ತದೆ, ಅಜ್ಜಿಯ ಮುಖ ಅತ್ತೆಯ ಸೀರೆಯಲ್ಲಿ ಕಲಸಿಹೋಗುತ್ತದೆ. ಆದರೆ ಅಂಥ ಕಡೆಯೂ ದನಿ ಬಹಳ ಮಟ್ಟಿಗೆ ಉಳಿದಿದೆ. ಇದೇನು ಅಂತ ಕೇಳಿದೆ. ಒಂದು ಸೆಕೆಂಡಿಗೆ 25 ಚಿತ್ರ ಇರುತ್ತವೆ, ಅದರಲ್ಲಿ ಸುಮಾರು ಎರಡು ಮಾತ್ರ ಪೂರ್ತಿ ಚಿತ್ರ. ಉಳಿದವು ಏನು ಬದಲಾಯಿತು ಅನ್ನುವುದನ್ನಷ್ಟೇ ಇಟ್ಟುಕೊಂಡಿರುತ್ತವೆ. ಒಂದು ಕೆಟ್ಟರೆ ಮುಂದಿನ ಪೂರ್ತಿ ಚಿತ್ರ ಬರುವ ತನಕ ಎಲ್ಲ ಕೆಡುತ್ತವೆ. ದನಿ ಹಾಗಲ್ಲ, ಸಣ್ಣ ಸಣ್ಣ ತುಂಡಾಗಿ ಬೇರೆ ಬೇರೆ ಇರುವುದರಿಂದ ಬೇಗ ಸುಧಾರಿಸಿಕೊಳ್ಳುತ್ತದೆ. ಅಷ್ಟಾದರೂ ಒಂದು ಕಡೆ ಹನ್ನೊಂದು ಸೆಕೆಂಡು ಏನೂ ಇಲ್ಲ. ಕಪ್ಪು. ನಾನು ಎಣಿಸಿದ್ದೇನೆ.

ಕತ್ತರಿಸಿ ಜೋಡಿಸುವ ಕೆಲಸ ಓಪನ್‌ಶಾಟ್‌ನಲ್ಲಿ ಮಾಡಿದ್ದು ನಾನೇ, ಸರ್ ಪಕ್ಕದಲ್ಲಿ ಕೂತಿದ್ದರು. ಹಾಡು ಮುಗಿದ ಮೇಲೆ ಕ್ಯಾಮೆರಾದವನು ಹಿಂದಕ್ಕೆ ಹೆಜ್ಜೆ ಇಡುತ್ತಾನೆ. ಅಜ್ಜಿ ಅದೇ ಉಸಿರಿನಲ್ಲಿ, "ಏ ಕ್ಯಾಮ್ರಾದಪ್ಪ, ಅಕ್ಕಿ ಮ್ಯಾಲೆ ಕಾಲಿಡ್‌ಬ್ಯಾಡ ಕಣಪ್ಪೋ, ಕಣ್ ಕಾಣಾಕಿಲ್ವಾ!" ಅನ್ನುತ್ತಾಳೆ. ಅವನು "ಆಯ್ತು ಕಣಜ್ಜಿ" ಅನ್ನುತ್ತಾನೆ. ತಿಥಿಯಲ್ಲಿ ತೋರಿಸುವುದು, ಅದನ್ನು ತೆಗೆದುಬಿಡು ಅಂತ ಅಣ್ಣ ಹೇಳಿದ. ನಾನು ತೆಗೆಯಲಿಲ್ಲ. ನಾನು ನೋಡಿದ ಅಜ್ಜಿ ಆರತಿ ಹಾಡಿದವಳಿಗಿಂತ ಹೆಚ್ಚಾಗಿ ಇವಳೇ.

ತಿಥಿಯ ದಿನ ಊಟವಾದ ಮೇಲೆ ಪೆನ್‌ಡ್ರೈವನ್ನು ಟಿವಿಗೆ ಹಾಕಿದೆವು. ಅಜ್ಜಿಯ ಜೊತೆ ಹಾಡುತ್ತಿದ್ದ ಇಬ್ಬರು ದೊಡ್ಡವ್ವಂದಿರು ಮುಂದೆ ಕೂತಿದ್ದರು. ಕಪ್ಪು ಜಾಗ ಬಂತು. ನಾನು ತಲೆ ತಗ್ಗಿಸಿದೆ. ಅವರು ಮಾತ್ರ ಏನೂ ಆಗಿಲ್ಲವೆಂಬಂತೆ ಪದವನ್ನು ಮುಂದಕ್ಕೆ ಹಾಡಿಕೊಂಡು ಹೋದರು. ಹನ್ನೊಂದು ಸೆಕೆಂಡು ಆದ ಮೇಲೆ ಅಜ್ಜಿಯ ದನಿ ಬಂದಾಗ ಅವರು ಅಜ್ಜಿಗಿಂತ ಅರ್ಧ ಸಾಲು ಮುಂದೆ ಹೋಗಿಬಿಟ್ಟಿದ್ದರು. ಒಬ್ಬಳು, "ನಿಮ್ಮಜ್ಜಿ ಯಾವಾಗ್ಲೂ ಹಿಂಗೆ, ಎಳ್ದೆಳ್ದು ಹಾಡಾಳು" ಅಂತ ಕಣ್ಣು ಒರೆಸಿಕೊಂಡಳು. ಅತ್ತೆ ನನ್ನ ಕೈ ಹಿಡಿದುಕೊಂಡು ಕೂತಿದ್ದಳು, ನೋಯುವಷ್ಟು ಗಟ್ಟಿಯಾಗಿ.

ಎಲ್ಲರೂ ಹೋದ ಮೇಲೆ ಅಪ್ಪ, "ಇನ್ನೊಂದ್ಸಲ ಹಾಕು ಮಗ" ಅಂದ. ನಾನು ಹಾಡಿನ ಮೊದಲಿಗೆ ತಂದೆ.

"ಹಾಡಲ್ಲ ಕಣವ್ವ. ಬೈಯೋದು."

ಐದು ಸಲ ಹಾಕಿದೆ.