ಗಾಳಿಗೊಂದು ಮರೆ

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ನಮಗೆ ಗಾಳಿಯೆಂದರೆ ಬರಲಿ ಎಂದು ಕಾಯುವಂಥದ್ದು. ಮನೆ ಬಾಡಿಗೆಗೆ ಹಿಡಿಯುವಾಗ 'ಗಾಳಿ ಬೆಳಕು ಹೇಗಿದೆ?' ಎಂದು ಮೊದಲು ಕೇಳುತ್ತೇವೆ. ಸಂಜೆಯಾದರೆ ಹಿರಿಯರು ವಾಯುಸೇವನೆಗೆ ಹೊರಡುತ್ತಾರೆ. ಇಂಥ ನಾಡಿನಿಂದ ಹೋದವನಿಗೆ, ಗಾಳಿ ತಡೆಯಲೆಂದೇ ಹಣ ಕೊಟ್ಟು ಬಟ್ಟೆಯ ಬೇಲಿ ಕೊಳ್ಳುವ ಜನರನ್ನು ಕಂಡರೆ ನಗು ಬರುವುದು ಸಹಜವೇ. ಇಂಗ್ಲೆಂಡಿನವರು ಅದನ್ನು 'ವಿಂಡ್‌ಬ್ರೇಕ್' ಎನ್ನುತ್ತಾರೆ. ನಾವು ಗಾಳಿತಡೆ ಎನ್ನೋಣ.

ಮಗಳು ಅಳಿಯ ಬ್ರಿಸ್ಟಲ್‌ನಲ್ಲಿದ್ದಾರೆ. ಒಂದು ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗ ಅವರು ಒಂದು ವಾರದ ಮಟ್ಟಿಗೆ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದರು. ಮಂಚ, ಒಲೆ, ಬಚ್ಚಲು ಎಲ್ಲವೂ ಒಳಗೇ ಇರುವ ದೊಡ್ಡ ವ್ಯಾನು ಅದು. ಕಾರ್ನ್‌ವಾಲ್ ಕಡಲತೀರದ ಕ್ಯಾಂಪಿನಲ್ಲಿ ಅದನ್ನು ನಿಲ್ಲಿಸಿಕೊಂಡು ಇರುವುದೆಂದು ಗೊತ್ತಾಯಿತು. ನನ್ನವಳು ಹೊನ್ನಾವರದ ಕಡೆಯವಳು. ಸಮುದ್ರವೆಂದರೆ ತವರುಮನೆಯಷ್ಟೇ ಆಸೆ. ಆದರೆ ಕೆಲವು ವರ್ಷಗಳಿಂದ ಸಂಧಿವಾತ. ತಣ್ಣನೆಯ ಗಾಳಿ ಸೋಕಿದರೆ ಬೆರಳುಗಳು ಮರಗಟ್ಟಿ ಲೋಟ ಹಿಡಿಯಲೂ ಆಗುವುದಿಲ್ಲ. "ವ್ಯಾನಿನ ಒಳಗೇ ಬೆಚ್ಚಗೆ ಕೂತಿರಮ್ಮ, ಕಿಟಕಿಯಿಂದ ಸಮುದ್ರ ಕಾಣುತ್ತೆ" ಎಂದಳು ಮಗಳು. "ಗಾಜಿನ ಹಿಂದೆ ಕೂತು ನೋಡೋದಾದ್ರೆ ನಮ್ಮೂರಲ್ಲೇ ಟಿ.ವಿ. ಇರಲಿಲ್ವೇನೇ?" ಎಂದಳು ಇವಳು. ಹೀಗಾಗಿ ಗಾಳಿತಡೆ ಕೊಳ್ಳುವ ಪ್ರಸಂಗ ಬಂತು.

ಗಾಳಿ ನಿಂತರೆ ಎಷ್ಟು ಮಹಾ ಬೆಚ್ಚಗಾದೀತು ಎಂದು ನೀವು ಕೇಳಬಹುದು. ನಮ್ಮ ಮೈ ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳ್ಳನೆ ಪದರವೊಂದನ್ನು ಹೊದ್ದಿರುತ್ತದೆ. ಬೀಸುಗಾಳಿ ಆ ಹೊದಿಕೆಯನ್ನು ಕಿತ್ತೊಯ್ಯುತ್ತಲೇ ಇರುತ್ತದೆ. ಹವಾಮಾನ ತಜ್ಞರ ಲೆಕ್ಕದಂತೆ, ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಚರ್ಮಕ್ಕೆ ಆರೂವರೆ ಡಿಗ್ರಿಯಷ್ಟು ಚಳಿ ಎನಿಸುತ್ತದೆ. ಅದೇ ಗಾಳಿಯನ್ನು 10 ಕಿಲೋಮೀಟರಿಗೆ ಇಳಿಸಿದರೆ ಎಂಟೂವರೆ ಡಿಗ್ರಿ. ಹೆಚ್ಚು ಖರ್ಚಿಲ್ಲದೆ ಎರಡು ಡಿಗ್ರಿಯ ಲಾಭ! ನೋಯುವ ಬೆರಳಿಗೆ ಅದು ಸಣ್ಣದೇನಲ್ಲ.

ಅಂಗಡಿಯಲ್ಲಿ ನಾಲ್ಕು ಬಗೆ ಕಂಡವು. ಮೊದಲನೆಯದು ಬಣ್ಣದ ಪಟ್ಟೆಗಳ ಬಟ್ಟೆಗೆ ಮರದ ಗೂಟ ತೂರಿಸಿದ್ದು. ಮರಳಿನಲ್ಲಿ ಸುತ್ತಿಗೆಯಿಂದ ಹೊಡೆದು ನಿಲ್ಲಿಸಬೇಕು. ಅಗ್ಗ, ಹಗುರ, ಒಂದು ಮಧ್ಯಾಹ್ನಕ್ಕೆ ಸಾಕು. ಎರಡನೆಯದು ಉಕ್ಕಿನ ಕಂಬ, ದಪ್ಪ ಬಟ್ಟೆ, ನಡುವೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಇರುವಂಥದ್ದು. ಮೂರನೆಯದು ಸೈಕಲ್ ಟ್ಯೂಬಿನಂತೆ ಪಂಪು ಹೊಡೆದು ಉಬ್ಬಿಸುವಂಥದ್ದು. ನಾಲ್ಕನೆಯದು ನಮ್ಮ ನರ್ಸರಿಗಳಲ್ಲಿ ಸಸಿಗಳ ಮೇಲೆ ಕಟ್ಟುವ ಹಸಿರು ನೆರಳು ಪರದೆಯ ಹಾಗೆ ಜಾಲರಿ ಬಟ್ಟೆಯದು. ಅಳಿಯನ ಕಣ್ಣು ಎರಡನೆಯದರ ಮೇಲಿತ್ತು. "ಮಾವ, ಒಂದು ಎಳೆ ಗಾಳೀನೂ ಒಳಗೆ ನುಗ್ಗಲ್ಲ ನೋಡಿ, ಗೋಡೆ ಇದ್ದ ಹಾಗೆ" ಎಂದರು.

ಗೋಡೆ ಎಂದ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತ. ಅಲ್ಲೇ ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಐದು ಮೀಟರ್ ಉದ್ದ, 1.4 ಮೀಟರ್ ಎತ್ತರವೆಂದರೆ ಏಳು ಚದರ ಮೀಟರ್ ಬಟ್ಟೆ. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ. ಒತ್ತಡಕ್ಕೆ ಸೂತ್ರ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂಥದ್ದೇ: ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಆ ಬಟ್ಟೆಯ ಮೇಲೆ ಸುಮಾರು 43 ಕಿಲೋ ತೂಕದಷ್ಟು ಬಲ ಹಾಕುತ್ತದೆ. ಒಂದು ಅಕ್ಕಿ ಮೂಟೆ ಅಡ್ಡಲಾಗಿ ಒರಗಿದ ಹಾಗೆ. ವೇಗ ಎರಡರಷ್ಟಾದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟು: 170 ಕಿಲೋಗೂ ಮೇಲೆ. ಇಷ್ಟನ್ನೂ ತಡೆದು ನಿಲ್ಲಬೇಕಾದ್ದು ಬೆರಳಿನಷ್ಟು ದಪ್ಪದ ನಾಲ್ಕಾರು ಗೂಟ!

ಗಟ್ಟಿ ಗೋಡೆಗೆ ಇನ್ನೊಂದು ದೋಷವುಂಟು. ಅಡ್ಡ ಬಂದ ಗಾಳಿ ಮೇಲಕ್ಕೆ ಹಾರಿ, ಹಿಂಬದಿಯಲ್ಲಿ ಒತ್ತಡ ಕಡಿಮೆಯಿರುವ ಜಾಗಕ್ಕೆ ಸುಳಿಯಾಗಿ ಧುಮುಕುತ್ತದೆ. ಮರೆಯಲ್ಲಿ ಕೂತವನಿಗೆ ಎದುರುಗಾಳಿ ತಪ್ಪಿ ಹಿಂಗಾಳಿ ಕಾಡುತ್ತದೆ. ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಟೇಬಲ್ ಫ್ಯಾನನ್ನು ನಿಧಾನ ವೇಗದಲ್ಲಿಟ್ಟು ಎರಡು ಮೀಟರ್ ದೂರದಲ್ಲಿ ದಪ್ಪ ರಟ್ಟಿನ ಪುಸ್ತಕವೊಂದನ್ನು ನಿಲ್ಲಿಸಿ, ಹಿಂದೆ ಊದುಬತ್ತಿ ಹಚ್ಚಿಡಿ. ಹೊಗೆ ಗಿರಗಿರನೆ ಸುತ್ತಿ ಪುಸ್ತಕದ ಕಡೆಗೇ ವಾಪಸು ಬರುತ್ತದೆ. ಪುಸ್ತಕ ತೆಗೆದು ಅಡುಗೆಮನೆಯ ಜರಡಿಯನ್ನು ಹಿಡಿಯಿರಿ. ಹೊಗೆ ಒಂದೇ ದಿಕ್ಕಿಗೆ ಮೆಲ್ಲನೆ ವಾಲಿಕೊಂಡು ಹೋಗುತ್ತದೆ. ಜರಡಿ ಗಾಳಿಯನ್ನು ನಿಲ್ಲಿಸಲಿಲ್ಲ. ಅದರ ಸೊಕ್ಕನ್ನಷ್ಟೇ ಮುರಿಯಿತು.

ರೈತರು ಇದನ್ನು ಬಲ್ಲರು. ಗಾಳಿತಡೆ ಮರಗಳ ಸಾಲು ನೆಡುವಾಗ ಅದರಲ್ಲಿ ನೂರಕ್ಕೆ 40ರಿಂದ 50 ಪಾಲು ಸಂದು ಇರಬೇಕು, ಹಾಗಿದ್ದರೆ ಮರದ ಎತ್ತರದ ಹತ್ತುಪಟ್ಟು ದೂರದವರೆಗೂ ಬೆಳೆಗೆ ಒಳ್ಳೆಯ ಆಸರೆ ಸಿಗುತ್ತದೆ ಎಂದು ಕೃಷಿ ವಿಜ್ಞಾನ ಹೇಳುತ್ತದೆ. ನಮ್ಮ ಕರಾವಳಿಯ ಗಾಳಿಮರವನ್ನೇ ನೋಡಿ. ಬಯಲುಸೀಮೆಯಲ್ಲಿ ಸರ್ವೆ ಎನ್ನುವ ಮರ ಅದು. 1860ರ ದಶಕದ ಕೊನೆಯಲ್ಲಿ ಕಾರವಾರದ ಕಡೆ ಸೌದೆಗೆಂದು ತಂದು ನೆಟ್ಟದ್ದು, ಆಮೇಲೆ ಮರಳುದಂಡೆಯ ಕಾವಲಿಗೆ ನಿಂತಿತು. ಸೂಜಿಯಂಥ ಅದರ ಎಲೆಗಳ ನಡುವೆ ಗಾಳಿ ಸುಯ್ಯೆಂದು ಸೋಸಿಕೊಂಡು ಬರುತ್ತದೆ. "ನಮ್ಮೂರ ಗಾಳಿಮರದ ತೋಪಿನಲ್ಲಿ ಮಳೆಗಾಲದಲ್ಲೂ ಕೂತುಕೊಳ್ಳಬಹುದಿತ್ತು" ಎಂದು ನನ್ನವಳು ಅಂಗಡಿಯಲ್ಲೇ ಸಾಕ್ಷಿ ನುಡಿದಳು. ಜಾಲರಿಯ ಮೂಲಕ ಕಣ್ಣು ಹಾಯಿಸಿ, "ಇದರಾಚೆ ಸಮುದ್ರವೂ ಕಾಣುತ್ತೆ" ಎಂದಳು. ನಾಲ್ಕನೆಯದೇ ಗೆದ್ದಿತು. ಮಳೆಯನ್ನು ಅದು ತಡೆಯದು ಎಂಬ ಅಳಿಯನ ಆಕ್ಷೇಪ ನ್ಯಾಯವಾದದ್ದೇ. ಮಳೆ ಬಂದರೆ ಒಳಗೆ ಹೋಗುವುದೆಂದು ರಾಜಿಯಾಯಿತು.

ಕಾಯಿಲೆಯವರೊಬ್ಬರು ಕಡಲ ಮುಂದೆ ಕೂರಬೇಕೆಂಬ ಆಸೆಯಿಂದ ಜಗತ್ತಿಗೆ ಒಂದು ಹೊಸ ವಸ್ತುವೇ ಸಿಕ್ಕ ಕಥೆಯೊಂದಿದೆ. 1882ರಲ್ಲಿ ಜರ್ಮನಿಯ ರೋಸ್ಟಾಕ್ ಪಟ್ಟಣದ ವಿಲ್ಹೆಲ್ಮ್ ಬಾರ್ಟೆಲ್‌ಮನ್ ಎಂಬ ಬುಟ್ಟಿ ಹೆಣೆಯುವ ಕುಶಲಕರ್ಮಿ, ಸಂಧಿವಾತವಿದ್ದ ಮಹಿಳೆಯೊಬ್ಬರಿಗೆ ಮೂರು ಕಡೆ ಮುಚ್ಚಿ ತಲೆಯ ಮೇಲೂ ಮರೆಯಿರುವ ಬೆತ್ತದ ಕುರ್ಚಿ ಹೆಣೆದುಕೊಟ್ಟ. ಜರ್ಮನಿಯ ಕಡಲತೀರಗಳಲ್ಲಿ ಇಂದಿಗೂ ಅಂಥ ಬುಟ್ಟಿಕುರ್ಚಿಗಳು ಸಾಲುಸಾಲಾಗಿ ಕಾಣುತ್ತವೆ. ಇದನ್ನು ಹೇಳಿದಾಗ ಇವಳಿಗೆ ಎಲ್ಲಿಲ್ಲದ ಸಮಾಧಾನವಾಯಿತು.

ಒಳ್ಳೆಯದನ್ನು ಆರಿಸಿದರಷ್ಟೇ ಸಾಲದು, ಸರಿಯಾಗಿ ನೆಡಬೇಕು. ಬ್ರಿಟನ್ನಿನಲ್ಲಿ ಹೆಚ್ಚಾಗಿ ನೈರುತ್ಯದಿಂದ ಗಾಳಿ. ವ್ಯಾನೇ ಮೊದಲ ಗೋಡೆ. ಅದರ ಬಾಗಿಲು ಗಾಳಿಗೆ ಬೆನ್ನು ಮಾಡಿರುವಂತೆ ನಿಲ್ಲಿಸಿದೆವು. ವ್ಯಾನಿನ ಮೂಲೆಯಲ್ಲಿ ಗಾಳಿ ತಿರುವಿಕೊಂಡು ಜೋರಾಗುತ್ತದೆ. ಗಾಳಿತಡೆಯನ್ನು ಆ ಮೂಲೆಯಿಂದ ಹೊರಟು ಲಾಳದಂತೆ ಬಾಗುವ ಹಾಗೆ ನೆಟ್ಟೆವು. ತುದಿಯ ಕಂಬಗಳಿಗೆ ಎರಡೆರಡು ಹಗ್ಗ. ಗೂಟವನ್ನು ನೆಟ್ಟಗೆ ಹೊಡೆಯದೆ, ತಲೆ ಕಂಬದಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಬೇಕು. ಮರಳಿಗೆ ಉದ್ದನೆಯ ಗೂಟ, ಜಲ್ಲಿ ಹಾಸಿದ ಜಾಗಕ್ಕೆ ಗಟ್ಟಿ ಉಕ್ಕಿನದು. ಆ ಮರೆಯಲ್ಲಿ ನನ್ನವಳು ಶಾಲು ಹೊದ್ದು ಎರಡು ಗಂಟೆ ಕೂತಳು. ಚಹಾದ ಲೋಟವನ್ನು ತಾನೇ ಹಿಡಿದು ಕುಡಿದಳು.

ಮೂರನೆಯ ದಿನ ಸಂಜೆ ಬಿರುಗಾಳಿಯ ಮುನ್ಸೂಚನೆ ಬಂತು. ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ನೌಕಾಧಿಕಾರಿ 1805ರಲ್ಲಿ ಗಾಳಿಯನ್ನು ಸೊನ್ನೆಯಿಂದ ಹನ್ನೆರಡರವರೆಗೆ ಅಳೆಯುವ ಕ್ರಮ ರೂಪಿಸಿದ. ಅದರಲ್ಲಿ ಆರು ಎಂದರೆ ಗಂಟೆಗೆ 39ರಿಂದ 49 ಕಿಲೋಮೀಟರ್. ಕೊಡೆ ಹಿಡಿಯುವುದು ಕಷ್ಟವಾಗುವ ಗಾಳಿ. ಕೊಡೆ ನಿಲ್ಲದ ಗಾಳಿಗೆ ಪರದೆಯೂ ನಿಲ್ಲಬಾರದು ಎಂದು ನಾವು ಊಟಕ್ಕೆ ಮುಂಚೆಯೇ ಬಿಚ್ಚಿ ಸುತ್ತಿಟ್ಟೆವು. ಪಕ್ಕದವರ ಎತ್ತರದ ಗಟ್ಟಿ ಬಟ್ಟೆ ಬೆಳಗ್ಗೆ ದೂರದ ಬೇಲಿಯ ಮೇಲಿತ್ತು, ಕಂಬಗಳು ಬಿಲ್ಲಿನಂತೆ ಬಾಗಿದ್ದವು. ಪುಣ್ಯಕ್ಕೆ ಯಾರಿಗೂ ತಗುಲಲಿಲ್ಲ.

ಪಾಲಕರು ಮರೆಯಬಾರದ ಮಾತೊಂದಿದೆ. ಮರುದಿನ ಇದ್ದಿಲ ಒಲೆಯಲ್ಲಿ ಜೋಳದ ತೆನೆ ಸುಡುವಾಗ ಹನಿ ಬಿತ್ತು. ಸುತ್ತ ಪರದೆ ಎಳೆದು ಮೇಲೆ ತಾಡಪಾಲು ಕಟ್ಟಿ ಒಲೆ ಒಳಗಿಟ್ಟರೆ ಚಳಿಯೂ ಹೋಗುತ್ತದೆ ಎಂದರು ಅಳಿಯ. ಖಂಡಿತ ಬೇಡವೆಂದೆ. ಇದ್ದಿಲು ಹೊಗೆಯಾಡದಿದ್ದರೂ, ತಣ್ಣಗಾದಂತೆ ಕಂಡರೂ, ಗಂಟೆಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ನಮ್ಮಲ್ಲೂ ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದ ಸುದ್ದಿಗಳನ್ನು ಓದುತ್ತೇವೆ. ಬೆಂಕಿ ಇದ್ದ ಕಡೆ ಗಾಳಿ ಆಡಲೇಬೇಕು. ತೆನೆ ಅರ್ಧ ಸುಟ್ಟಿತ್ತು, ಹಾಗೆಯೇ ತಿಂದೆವು.

ಪರೀಕ್ಷೆಯ ತಿಂಗಳಲ್ಲಿ ಪಾಲಕರು ಶಾಲೆಗೆ ಬಂದು, "ಸಾರ್, ಆಟ, ಗೆಳೆಯರು, ಟಿ.ವಿ. ಎಲ್ಲ ಬಂದ್ ಮಾಡಿಬಿಟ್ಟಿದೀವಿ, ಆದರೂ ಓದಿನ ಮೇಲೆ ಗಮನ ಇಲ್ಲ" ಎನ್ನುವುದುಂಟು. ಅವರಿಗೆ ಈಗ ಉಪದೇಶ ಹೇಳಲು ಹೋಗುವುದಿಲ್ಲ. ಒಂದು ಪುಸ್ತಕ, ಒಂದು ಜರಡಿ, ಒಂದು ಊದುಬತ್ತಿ ಕೊಟ್ಟು, ಮಗುವಿನ ಜೊತೆ ಕೂತು ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿ ಬನ್ನಿ ಎನ್ನುತ್ತೇನೆ.